ಪಾಚಿಗೆ ಹಚ್ಚಿದ ದೀಪ

ನಮ್ಮ ಭಾವ ಮನುಷ್ಯರನ್ನು ಹಲ್ಲಿನಿಂದ ಗುರುತಿಟ್ಟುಕೊಳ್ಳುತ್ತಾರೆ. ಮುಖ ಮರೆಯುತ್ತಾರೆ, ಹೆಸರಂತೂ ಅವರ ತಲೆಯಲ್ಲಿ ನಿಲ್ಲುವುದೇ ಇಲ್ಲ. ಆದರೆ ಒಮ್ಮೆ ಬಾಯಿ ಬಿಟ್ಟು ನಕ್ಕವರನ್ನು ಎಷ್ಟೋ ವರ್ಷದ ಮೇಲೆ ಕಂಡರೂ ‘ಇವರು ಎ-ತ್ರೀ, ಅಂಚಿನಲ್ಲಿ ಸ್ವಲ್ಪ ಬೂದು’ ಎಂದುಬಿಡುತ್ತಾರೆ. ದಂತವೈದ್ಯರು ಅಚ್ಚು ಕಳಿಸುತ್ತಾರೆ, ಭಾವ ಅದಕ್ಕೆ ಹೊಂದುವ ಪಿಂಗಾಣಿ ಹಲ್ಲು ಮಾಡಿ ವಾಪಸು ಕಳಿಸುತ್ತಾರೆ. ಅದೇ ಅವರ ಕಸುಬು. ನಿಮಗೂ ನನಗೂ ಬಿಳಿ ಎಂದರೆ ಒಂದು ಬಣ್ಣ. ಅವರ ಹತ್ತಿರ ಬಿಳಿಯದೇ ಒಂದು ಗೊಂಚಲಿದೆ. ಬೀಗದ ಕೈಗಳನ್ನು ಪೋಣಿಸಿದ ಹಾಗೆ ಎ-ಟು, ಬಿ-ಒನ್ ಎಂದು ನಂಬರು ಬರೆದ ಹಲ್ಲುಗಳನ್ನು ಪೋಣಿಸಿಟ್ಟಿರುವ ಆ ಮಾದರಿ ಗೊಂಚಲು ಸದಾ ಅವರ ಜೇಬಿನಲ್ಲಿರುತ್ತದೆ, ಮತ್ತು ಅದರಲ್ಲಿ ಇನ್ನೂ ನಾಲ್ಕು ಬಿಳಿ ಇರಬೇಕಿತ್ತು ಎನ್ನುವ ಕೊರಗು ಸದಾ ಅವರ ಮನಸ್ಸಿನಲ್ಲಿರುತ್ತದೆ.

ಅಕ್ಕನ ಪರಿಚಯ ಅವರಿಗೆ ಆದದ್ದು ಒಂದು ಸಿನಿಮಾ ಮಂದಿರದಲ್ಲಿ. ಪಕ್ಕದಲ್ಲಿ ಕೂತಿದ್ದ ಅಕ್ಕ ಯಾವುದೋ ಹಾಸ್ಯಕ್ಕೆ ನಕ್ಕಳು, ಇವರು ಬಗ್ಗಿ ‘ನೀವು ಎ-ಟು’ ಎಂದರು. ಸೀಟು ತಪ್ಪಿರಬೇಕೆಂದು ಅಕ್ಕ ಎದ್ದು ಬೇರೆ ಕಡೆ ಹೋಗಿ ಕೂತಳಂತೆ. ಮದುವೆಯಾಗಿ ಇಷ್ಟು ಕಾಲವಾದರೂ ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬಂದಿಲ್ಲ, ಅವಳೂ ನಿರೀಕ್ಷೆ ಇಟ್ಟುಕೊಂಡಿಲ್ಲ.

ನಾನು ಅವರ ನಾದಿನಿ. ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಓಡಿಸುವುದನ್ನು ಕಲಿಸುತ್ತೇನೆ. ಪಕ್ಕದ ಸೀಟಿನಲ್ಲಿ ಕೂತು, ನನ್ನ ಪಾಲಿನ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ದಿನ ಕಳೆಯುವುದರಿಂದ ಮನುಷ್ಯರ ಮೇಲೆ ನನಗೆ ಅಂಥ ನಂಬಿಕೆಯೇನಿಲ್ಲ. ಆದರೆ ಉಪ್ಪುಖಾರ ಹಚ್ಚಿ ಹೇಳುವವಳಲ್ಲ. ಭಾವನ ವಿಷಯದಲ್ಲಿ ಅದರ ಅಗತ್ಯವೂ ಬೀಳುವುದಿಲ್ಲ.

ಅವರ ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಹಲ್ಲು ಸುಡುವ ಪುಟ್ಟ ಕುಲುಮೆ, ಕೂದಲಿಗಿಂತ ಸ್ವಲ್ಪ ದಪ್ಪದ ಕುಂಚಗಳು, ಸಾಲಾಗಿ ಊರವರ ದವಡೆಗಳು. ಆ ಮನೆಯನ್ನು ಅವರು ಕೊಂಡದ್ದೇ ಆ ಕಿಟಕಿಗೋಸ್ಕರ. ಅದು ಉತ್ತರಕ್ಕಿದೆ, ನೇರ ಬಿಸಿಲು ಬೀಳುವುದಿಲ್ಲ. ಮೋಡ ಕವಿದ ದಿನದ ನಡು ಬೆಳಗಿನ ಬೆಳಕು ಮಾತ್ರ ಸತ್ಯ ಹೇಳುತ್ತದೆ, ಟ್ಯೂಬ್‌ಲೈಟು ಮುಖಸ್ತುತಿ ಮಾಡುತ್ತದೆ, ಹಳದಿ ಬಲ್ಬು ಹಸಿ ಸುಳ್ಳು ಹೇಳುತ್ತದೆ ಎಂಬುದು ಅವರ ಸಿದ್ಧಾಂತ. ಅಂಗಿ ಕೊಳ್ಳಲು ಹೋದರೆ ಅದನ್ನು ಹಿಡಿದುಕೊಂಡು ರಸ್ತೆಗೆ ಬಂದು ನೋಡುತ್ತಾರೆ. ಎರಡು ಅಂಗಡಿಯವರು ಕಳ್ಳನೆಂದು ಬೆನ್ನಟ್ಟಿದ್ದಾರೆ.

ಈ ಮನೆಗೆ ಅಪ್ಪ ಬಂದದ್ದು ನಾಲ್ಕು ದಿನದ ಮಟ್ಟಿಗೆ.

ಅಪ್ಪ ಬೋರ್ಡು ಬರೆಯುತ್ತಿದ್ದವನು. ಅಂಗಡಿಯ ಹೆಸರು, ಲಾರಿಯ ಬೆನ್ನು, ನಂಬರ್ ಪ್ಲೇಟು, ‘ಇಲ್ಲಿ ವಾಹನ ನಿಲ್ಲಿಸಬಾರದು’. ನಮ್ಮ ಬಡಾವಣೆಯ ಅರ್ಧ ಗೋಡೆಗಳು ಅವನ ಅಕ್ಷರದಲ್ಲೇ ಜನರನ್ನು ಗದರಿಸುತ್ತಿದ್ದವು. ಸ್ಕೇಲು ಮುಟ್ಟದೆ ಗೆರೆ ಎಳೆಯುತ್ತಿದ್ದ. ಆಮೇಲೆ ಅವನ ಎರಡೂ ಕಣ್ಣಿನ ನಡುಭಾಗ ಮಸುಕಾಯಿತು. ಪೂರ್ತಿ ಕುರುಡಲ್ಲ. ಎದುರಿಗೆ ಏನಿದೆಯೋ ಅದರ ಮೇಲೆ ಯಾರೋ ಹೆಬ್ಬೆರಳು ಇಟ್ಟ ಹಾಗೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ನಿಮ್ಮನ್ನು ನೋಡಬೇಕೆಂದರೆ ಅವನು ಮುಖವನ್ನು ಆ ಕಡೆ ತಿರುಗಿಸಬೇಕು. ಗೊತ್ತಿಲ್ಲದವರು ಮುದುಕನಿಗೆ ಎಷ್ಟು ಕೊಬ್ಬು ಎಂದುಕೊಳ್ಳುತ್ತಾರೆ. ಗೊತ್ತಿರುವ ನಾವೂ ಆಗಾಗ ಹಾಗೇ ಅಂದುಕೊಳ್ಳುತ್ತೇವೆ.

ಅವನು ಇದ್ದದ್ದು ಬಣ್ಣದ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಏಣಿಯಂಥ ಮೆಟ್ಟಿಲು. ಒಂದು ದಿನ ಮೇಲಿನ ಮೆಟ್ಟಿಲಲ್ಲಿ ಕಾಲಿಟ್ಟು ಕೆಳಗಿನ ಮೆಟ್ಟಿಲಲ್ಲಿ ಕೂತ. ಅಂಗಡಿಯವನು ಬಾಗಿಲು ತೆಗೆಯಲು ಬರುವವರೆಗೂ ಅಲ್ಲೇ ಕೂತಿದ್ದ. ಅಕ್ಕ ಹೋಗಿ ಕರೆದುಕೊಂಡು ಬಂದಳು. ಅಪ್ಪ ಟ್ರಂಕನ್ನು ಮಂಚದ ಕೆಳಗೆ ತಳ್ಳಿದ, ಬಿಚ್ಚಲಿಲ್ಲ. ನಾನು ಭಾನುವಾರ ಸ್ಕೂಲಿನ ಗಾಡಿಯಲ್ಲಿ ಬಂದಾಗಲೆಲ್ಲ ಮುಖ ಆ ಕಡೆ ತಿರುಗಿಸಿ ಕೇಳುತ್ತಿದ್ದ, ಇವತ್ತು ಬಿಟ್ಟು ಬರ್ತೀಯಾ ಅಂತ. ನಾನು ಕ್ಲಚ್ ಪ್ಲೇಟು ಹೋಗಿದೆ ಎನ್ನುತ್ತಿದ್ದೆ. ಆ ಗಾಡಿಯ ಕ್ಲಚ್ ಪ್ಲೇಟು ನಾನು ಹೇಳಿದಷ್ಟು ಸಲ ಹೋಗಿದ್ದರೆ ಸ್ಕೂಲು ಎಂದೋ ಮುಚ್ಚಿರುತ್ತಿತ್ತು.

ಹೆದರಿಕೆ ಒಂದೇ. ಅಲ್ಲಿಗೆ ವಾಪಸು ಹೋದರೆ ಅಪ್ಪ ಮತ್ತೆ ಬೀಳುತ್ತಾನೆ, ಆ ಸಲ ಅಂಗಡಿಯವನು ಬರುವವರೆಗೆ ಕೂತಿರುವುದಿಲ್ಲ. ನನ್ನದು ಇಬ್ಬರು ಗೆಳತಿಯರ ಜೊತೆ ಹಂಚಿಕೊಂಡಿರುವ ಕೋಣೆ, ಅಲ್ಲಿ ಅವನಿಗೆ ಜಾಗವಿಲ್ಲ. ಅವನು ಇರುವುದಾದರೆ ಭಾವನ ಮನೆಯಲ್ಲೇ ಇರಬೇಕು. ಭಾವನಿಗೂ ಅವನು ಇರಬೇಕಿತ್ತು. ಮಾವ ಅಳಿಯ ಒಬ್ಬರಿಗೊಬ್ಬರು ಎರಡು ಮಾತಿಗಿಂತ ಹೆಚ್ಚು ಆಡಿದ್ದನ್ನು ನಾನು ಕಂಡಿಲ್ಲ, ಆದರೆ ಅಪ್ಪ ಬಂದ ಮೇಲೆ ಭಾವ ಮೇಜಿನ ಹತ್ತಿರ ಇನ್ನೊಂದು ಕುರ್ಚಿ ಹಾಕಿಸಿದ್ದರು. ಅಪ್ಪನ ಬಾಯಲ್ಲಿ ಮುಂದಿನ ಒಂದು ಹಲ್ಲಿಲ್ಲ. ಆ ಜಾಗವನ್ನು ಭಾವ ಎಂದೂ ಕೆಣಕಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ಪ್ರೀತಿ.

ಅಪ್ಪನಿಗೆ ಆ ಮನೆಯಲ್ಲಿ ಹಗಲಿನ ತೊಂದರೆ ಇರಲಿಲ್ಲ. ರಾತ್ರಿಯ ತೊಂದರೆ ಇತ್ತು. ಅವನು ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಲು ನಡುಮನೆಯ ಓಣಿಯಂಥ ಜಾಗ ದಾಟಬೇಕು. ಒಂದು ಬದಿಗೆ ಭಾವನ ಕೆಲಸದ ಕೋಣೆಯ ಬಾಗಿಲು, ಇನ್ನೊಂದು ಬದಿಗೆ ಚಪ್ಪಲಿ ಗೂಡು. ಕತ್ತಲೆಯಲ್ಲಿ ಅವನ ಅಂಚಿನ ದೃಷ್ಟಿಯೂ ಕೈಕೊಡುತ್ತಿತ್ತು, ಚಪ್ಪಲಿ ಗೂಡಿಗೆ ಢಿಕ್ಕಿ ಹೊಡೆಯುತ್ತಿದ್ದ. ಅಕ್ಕ ಎದ್ದು ಬಂದು ಮೊಣಕೈ ಹಿಡಿಯುತ್ತಿದ್ದಳು. ಅಪ್ಪ ಪೊಲೀಸರು ಎಳೆದುಕೊಂಡು ಹೋಗುವವನ ಹಾಗೆ ನಡೆಯುತ್ತಿದ್ದನಂತೆ. ಅಕ್ಕ ಅಲ್ಲೊಂದು ಸಣ್ಣ ರಾತ್ರಿ ದೀಪ ಹಾಕಿಸಿದಳು. ಬೆಳಗಾಗುವಷ್ಟರಲ್ಲಿ ಬಲ್ಬು ಊಟದ ಮೇಜಿನ ಮೇಲಿತ್ತು. ಅಪ್ಪ ಅದನ್ನು ತಡಕಾಡಿ ಬಿಚ್ಚಿದ್ದ. ನಾನೇನು ಎಳೆ ಮಗುನಾ ಎಂದನಂತೆ. ಅಲ್ಲಿಂದ ಮುಂದೆ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸಿದ. ಅಕ್ಕ ಎಷ್ಟು ಬೈದರೂ ಲೋಟವನ್ನು ತುಟಿಗೆ ಮುಟ್ಟಿಸಿ ಇಟ್ಟುಬಿಡುತ್ತಿದ್ದ.

ಇಂಥ ಹೊತ್ತಿಗೆ ಮೀನಿನ ತೊಟ್ಟಿ ಬಂತು. ಭಾವನಿಗೆ ಕೆಲಸ ಕೊಡುತ್ತಿದ್ದ ಒಬ್ಬ ವಯಸ್ಸಾದ ದಂತವೈದ್ಯರು ಕ್ಲಿನಿಕ್ಕು ಮುಚ್ಚಿದರು. ಕಾಯುವವರ ಕೋಣೆಯಲ್ಲಿ ಒಂದು ಕಡಲ ನೀರಿನ ಅಕ್ವೇರಿಯಂ ಇಟ್ಟಿದ್ದರು: ಬಂಡೆ, ಬಂಡೆಯ ಮೇಲೆ ಜೀವಂತ ಹವಳ, ಒಂದೇ ಒಂದು ಮೀನು. ಯಾರಿಗಾದರೂ ಕೊಡಬೇಕಿತ್ತು. ಬೇಡ ಎನ್ನಲು ಬಾರದವರು ಇಡೀ ಊರಿನಲ್ಲಿ ಒಬ್ಬರೇ.

ಭಾವ ತೊಟ್ಟಿಯನ್ನು ಕೆಲಸದ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ಇಟ್ಟರು. ಇಡುವ ಮೊದಲು ಒಂದು ಕೆಲಸ ಮಾಡಿದರು. ಬಂಡೆಗಳ ಮೇಲೆ ಕಂದು ಕೊಳೆ ಕಟ್ಟಿತ್ತು. ಹಲ್ಲಿನ ಕಸುಬಿನವರು ಅದನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ? ಹೊಸ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಸಂದುಗೊಂದು ಬಿಡದೆ ಉಜ್ಜಿ, ತೊಳೆದು, ಮತ್ತೆ ಉಜ್ಜಿ, ಬಂಡೆಗಳನ್ನು ಬಿ-ಒನ್ ಬಣ್ಣಕ್ಕೆ ತಂದರು. ಅಂಥ ಶುಭ್ರವಾದ ಬಂಡೆ ಯಾವ ಕಡಲಿನಲ್ಲೂ ಇರಲಿಕ್ಕಿಲ್ಲ.

ಮೀನು ಬೆರಳುದ್ದದ್ದು. ಮೈಯೆಲ್ಲ ಗಾಢ ನೀಲಿ, ಅದರ ಮೇಲೆ ಕಿತ್ತಳೆ ಬಣ್ಣದ ಸುರುಳಿ ಗೆರೆಗಳು. ಓಡುವುದಿಲ್ಲ, ಹಾರುವುದಿಲ್ಲ; ಗಾಜಿನ ಪಕ್ಕದ ಬಂಡೆಯ ಮೇಲೆ ಕುಪ್ಪಳಿಸುತ್ತ, ಏನನ್ನೋ ಕುಕ್ಕುತ್ತ, ದಿನವಿಡೀ ಅಡ್ಡಾಡುತ್ತದೆ. ಅಪ್ಪ ಕುರ್ಚಿಯನ್ನು ಗಾಜಿಗೆ ಅಡ್ಡವಾಗಿ ತಿರುಗಿಸಿಕೊಂಡು ಕೂತ. ಓರೆಗಣ್ಣಿನಿಂದ ಬಹಳ ಹೊತ್ತು ನೋಡಿದ. ಮೀನೂ ಒಂದೇ ಕಣ್ಣಿನಿಂದ ಅವನನ್ನು ನೋಡಿತು.

“ಯಾರೋ ಕೆಲಸ ಗೊತ್ತಿರೋವ್ರೇ ಗೆರೆ ಎಳ್ದಿದಾರೆ” ಎಂದ. “ಕೈ ಒಂಚೂರೂ ನಡುಗಿಲ್ಲ.”

ಆ ಮೀನಿಗೆ ಪೇಂಟರ್ ಎಂದು ಹೆಸರಿಟ್ಟ. ಆ ಭಾನುವಾರ ಅವನು ಗಾಡಿಯ ವಿಷಯ ಎತ್ತಲಿಲ್ಲ. ಅದರ ಮುಂದಿನ ಭಾನುವಾರವೂ ಎತ್ತಲಿಲ್ಲ. ನಾನು ಕ್ಲಚ್ ಪ್ಲೇಟಿನ ನೆಪ ಸಿದ್ಧ ಮಾಡಿಕೊಂಡು ಬಂದದ್ದು ವ್ಯರ್ಥವಾಯಿತು. ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಸುಕಿ, ಮೀನಿಗೆ ದೃಷ್ಟಿ ತೆಗೆಯಬೇಕು ಕಣೇ ಎಂದಳು.

ಆದರೆ ಪೇಂಟರ್ ಸೊರಗತೊಡಗಿತು. ಹಾಕಿದ ಕಾಳು ಮುಟ್ಟುವುದಿಲ್ಲ, ಪುಡಿ ಮುಟ್ಟುವುದಿಲ್ಲ. ಬಂಡೆ ಕುಕ್ಕುತ್ತದೆ, ಬಾಯಿಗೆ ಏನೂ ಸಿಗುವುದಿಲ್ಲ. ಅದನ್ನು ಮೊದಲು ಕಂಡದ್ದು ಅಪ್ಪ. ಹೊಟ್ಟೆ ಒಳಗೆ ಹೋಗಿದೆ, ಪಕ್ಕದ ಗೆರೆ ಎರಡು ಹತ್ತಿರ ಬಂದಿವೆ ಎಂದ. ಆಮೇಲೆ ನನ್ನ ಕಡೆ, ಅಂದರೆ ಗೋಡೆಯ ಕಡೆ ತಿರುಗಿ ಕೇಳಿದ: “ನಿನ್ನ ಗಾಡಿ ಈಗ ಸರಿಯಿದೆಯಾ?”

ಭಾವ ಮರುದಿನವೇ ಸಾಕುವ ಮೀನಿನ ಅಂಗಡಿಗೆ ಓಡಿದರು, ನನ್ನನ್ನೂ ಕರೆದುಕೊಂಡು. ಅಂಗಡಿಯವನು ಮಾತಿಗೊಂದು ‘ಹೇಳೋಕಾಗಲ್ಲ ಸರ್’ ಸೇರಿಸುವ ಮನುಷ್ಯ. ಅವನಿಂದ ತಿಳಿದದ್ದಿಷ್ಟು: ಈ ಜಾತಿಯ ಮೀನು ತಿನ್ನುವುದು ಬಂಡೆಯ ಮೇಲೆ ಹರಿದಾಡುವ, ಕಣ್ಣಿಗೆ ಚುಕ್ಕಿಯಷ್ಟೇ ಕಾಣುವ ಜೀವಂತ ಹುಳಗಳನ್ನು. ಅವು ಇರುವುದು ಕಂದು ಕೊಳೆಯಲ್ಲೇ. ಬಂಡೆ ಉಜ್ಜಿದಿರಾ ಎಂದು ಅವನು ಕೇಳಿದ. ಭಾವ ಉಜ್ಜಿದೆ ಎಂದರು. ಯಾವುದರಿಂದ ಎಂದು ಕೇಳಿದ. ಭಾವ ಹೇಳಿದರು. ಅಂಗಡಿಯವನು, ಗಟ್ಟಿಯ ಬ್ರಷ್ಷಾ ಮೆದುವಿನದಾ ಎಂದು ವಿಚಾರಿಸಿದ.

ಉಪಾಯ ಇತ್ತು. ದೊಡ್ಡ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ ಇಡುವುದು. ಮೇಲಿನ ನೀರು ಕೆಳಗಿಳಿದು, ಪಂಪಿನಿಂದ ಮತ್ತೆ ಮೇಲೇರಬೇಕು. ಕೆಳಗಿನ ತೊಟ್ಟಿಯಲ್ಲಿ ಕಡಲ ಪಾಚಿ ಬೆಳೆಸಬೇಕು. ಅಲ್ಲಿ ಮೀನು ಇರುವುದಿಲ್ಲವಾದ್ದರಿಂದ ಹುಳಗಳು ಪಾಚಿಯ ನಡುವೆ ಹೆದರಿಕೆಯಿಲ್ಲದೆ ಮರಿ ಹಾಕುತ್ತವೆ, ಹೆಚ್ಚಾದವು ಪಂಪಿನಲ್ಲಿ ಮೇಲೆ ಹೋಗಿ ಪೇಂಟರ್‌ನ ಬಾಯಿ ಸೇರುತ್ತವೆ. ಅದಕ್ಕೆ ರೆಫ್ಯೂಜಿಯಂ ಎನ್ನುತ್ತಾರೆ ಎಂದ. ಮನೆಗೆ ಬಂದು ಅಪ್ಪನಿಗೆ ವಿವರಿಸಿದಾಗ ಅವನು ಅದನ್ನು ಒಂದೇ ಮಾತಿನಲ್ಲಿ ಹಿಡಿದ.

“ತವರುಮನೆ” ಎಂದ.

ತವರಿನಿಂದ ಹೊರಟವರ ಗತಿ ಏನಾಗುತ್ತದೆ ಎನ್ನುವುದನ್ನು ಯೋಚಿಸಿ ನಾನು ಅಕ್ಕನ ಮುಖ ನೋಡಿದೆ. ಅಕ್ಕ ಪಾತ್ರೆ ಒರೆಸುತ್ತಿದ್ದಳು.

ಇನ್ನು ಉಳಿದದ್ದು ಪಾಚಿಗೆ ದೀಪ. ಎಲ್ಲ ಕೆಟ್ಟದ್ದು ಅಲ್ಲೇ. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ಕೆಂಪು ನೀಲಿ ಬಲ್ಬುಗಳನ್ನು ಸೇರಿಸಿದ್ದು. ಹಚ್ಚಿದರೆ ಇಡೀ ಅಂಗಡಿ ಕಡು ಗುಲಾಬಿಯಾಗುತ್ತಿತ್ತು. ಇನ್ನೊಂದು ಬಿಳಿಯದು. ಪಾಚಿಗೆ ಕೆಂಪೇ ಹೆಚ್ಚು ಹಿಡಿಸುತ್ತದೆ, ಬಿಳಿಯಾದರೂ ನಡೆಯುತ್ತದೆ, ಆದರೆ ಜೋರಾಗಿರಬೇಕು, ಹೇಳೋಕಾಗಲ್ಲ ಸರ್ ಎಂದ. ಭಾವ ಜೇಬಿನಿಂದ ಹಲ್ಲಿನ ಗೊಂಚಲು ತೆಗೆದರು. ಗುಲಾಬಿ ದೀಪದ ಕೆಳಗೆ ಒಂದೊಂದೇ ಹಲ್ಲು ಹಿಡಿದು ನೋಡಿದರು. ಪಕ್ಕದಲ್ಲಿ ಮಗುವಿಗೆ ಬಂಗಾರದ ಮೀನು ಕೊಡಿಸಲು ಬಂದಿದ್ದ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

“ಈ ದೀಪದಲ್ಲಿ ಎ-ಟು ನೇರಳೆ ಹಣ್ಣಿನ ಥರ ಕಾಣ್ತಿದೆ” ಎಂದರು ಭಾವ. “ಇಂಥ ಸುಳ್ಳು ಬೆಳಕಲ್ಲಿ ಒಂದು ಜೀವ ಹೇಗ್ರೀ ಬೆಳೆಯುತ್ತೆ?”

ಬಿಳಿ ದೀಪವೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದರಲ್ಲಿ ನೀಲಿ ಜಾಸ್ತಿಯಂತೆ. ಕೊನೆಗೆ ಅವರು ತಂದದ್ದು ತಮ್ಮ ಕಸುಬಿನ ಸಾಮಾನು ಮಾರುವ ಅಂಗಡಿಯಿಂದ. ಹಲ್ಲಿನ ಬಣ್ಣ ಹೊಂದಿಸಲೆಂದೇ ಮಾಡಿದ, ಮೋಡದ ದಿನದ ಬೆಳಕನ್ನೇ ಹೋಲುವ, ಕಣ್ಣಿಗೆ ತಂಪಾದ ಮೇಜುದೀಪ. ಅದರಡಿಯಲ್ಲಿ ಎ-ಟು ಎ-ಟುವೇ ಆಗಿ ಕಂಡಿತು. ಪಾಚಿ ಎಷ್ಟು ಚಂದ ಕಾಣುತ್ತಿತ್ತೆಂದರೆ, ನಿಜವಾದ ಹಸಿರು ಎಂದರೇನು ಎಂದು ನಾನೂ ಅವತ್ತೇ ಕಂಡದ್ದು. ಭಾವ ಕಪಾಟಿನ ಮುಂದೆ ಮೊಣಕಾಲೂರಿ ಕೂತು ಎಲ್ಲರನ್ನೂ ಕರೆದು ತೋರಿಸಿದರು. ಆ ಸತ್ಯದ ಬೆಳಕಿನಲ್ಲಿ ಪಾಚಿ ದಿನದಿನಕ್ಕೂ ಬಿಳಿಚಿಕೊಂಡಿತು, ತುಂಡಾಯಿತು, ಕೊಳೆತು ನಾರಿತು. ಅದು ಸಾಯುವ ಒಂದೊಂದು ಹಂತದ ಬಣ್ಣವನ್ನೂ ನಾವು ಅತ್ಯಂತ ಸ್ಪಷ್ಟವಾಗಿ ನೋಡಿದೆವು.

ಪೇಂಟರ್ ಈಗ ಮುಂದಿನಿಂದ ನೋಡಿದರೆ ಒಂದು ಗೆರೆಯಷ್ಟೇ ಇತ್ತು. ಅಪ್ಪ ಕುರ್ಚಿಯನ್ನು ಗಾಜಿನಿಂದ ಈ ಕಡೆ ತಿರುಗಿಸಿಕೊಂಡ. ಮಂಚದ ಕೆಳಗಿನ ಟ್ರಂಕು ಹೊರಗೆ ಬಂದು ಗೋಡೆಗೆ ಒರಗಿ ನಿಂತಿತು. ಭಾವ ಅವತ್ತು ಊಟ ಮಾಡಲಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಸಂಜೆಯ ಪಾಠ ಮುಗಿಸಿ ನೇರ ಅಲ್ಲಿಗೆ ಹೋಗಿ ಭಾವನ ಮುಂದೆ ನಿಂತೆ.

“ಭಾವ, ಆ ದೀಪ ನೀವು ನೋಡೋಕೆ ತಂದಿದ್ದೋ, ಪಾಚಿ ತಿನ್ನೋಕೆ ತಂದಿದ್ದೋ?” ಎಂದೆ.

ಅವರು ಬಹಳ ಹೊತ್ತು ಗೊಂಚಲಿನ ಹಲ್ಲುಗಳನ್ನು ಒಂದೊಂದಾಗಿ ಸರಿಸುತ್ತ ಕೂತಿದ್ದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗಿ ಗುಲಾಬಿ ದೀಪ ತಂದರು. ತರುವಾಗ ಅದನ್ನು ಕಾಗದದಲ್ಲಿ ಸುತ್ತಿಸಿಕೊಂಡಿದ್ದರು, ಯಾರೂ ನೋಡಬಾರದೆನ್ನುವ ಹಾಗೆ. ಮೇಲಿನ ತೊಟ್ಟಿಯ ದೀಪ ಆರಿದ ಮೇಲೆ ರಾತ್ರಿಯೆಲ್ಲ ಇದನ್ನು ಉರಿಸಿದರೆ ನೀರಿನ ಗುಣ ಏರುಪೇರಾಗುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಭಾವನಿಗೂ ಅದೇ ಬೇಕಿತ್ತು; ಹಗಲು ಅವರ ಕೆಲಸದ ಹೊತ್ತಿನಲ್ಲಿ ಅದರ ಮುಖ ನೋಡುವಂತಿರಲಿಲ್ಲ.

ಹೊಸ ಪಾಚಿ ಹಿಡಿಯಿತು. ಹಿಡಿದದ್ದಲ್ಲ, ಉಕ್ಕಿತು. ಸಿಕ್ಕುಬಿದ್ದ ಹಸಿರು ತಂತಿಯ ಉಂಡೆಯೊಂದು ತೊಟ್ಟಿ ತುಂಬ ಹಬ್ಬಿತು. ಗಾಜಿಗೆ ಮೂಗು ಹಚ್ಚಿದರೆ ಚುಕ್ಕಿ ಹುಳಗಳು ಬಸ್ ಸ್ಟ್ಯಾಂಡಿನ ಜನರ ಹಾಗೆ ಗೊತ್ತುಗುರಿಯಿಲ್ಲದೆ ಓಡಾಡುತ್ತಿದ್ದವು. ಪೇಂಟರ್‌ಗೆ ಹೊಟ್ಟೆ ಬಂತು. ಅಪ್ಪ ಗೆರೆಗಳು ದೂರ ಸರಿದಿವೆ ಎಂದ. ಟ್ರಂಕು ಮಂಚದ ಕೆಳಗೆ ಹೋಯಿತು. ಅವನು ಊಟದ ಜೊತೆ ತುಂಬಿದ ಲೋಟ ನೀರು ಕುಡಿಯತೊಡಗಿದ. ಅಕ್ಕನಿಗೆ ರಾತ್ರಿ ಏಳುವ ಕೆಲಸ ತಪ್ಪಿತು. ಮೀನು ಚೇತರಿಸಿಕೊಂಡ ಸಂತೋಷಕ್ಕೆ ಅಪ್ಪನಿಗೆ ಗಾಢ ನಿದ್ದೆ ಬರುತ್ತಿದೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಇಡೀ ಮನೆಯ ಪುಣ್ಯವನ್ನು ಬೆರಳುದ್ದದ ಮೀನಿನ ಖಾತೆಗೆ ಬರೆದೆವು.

ಗುಲಾಬಿ ದೀಪಕ್ಕೆ ಮಾತ್ರ ಒಳ್ಳೆಯ ಹೆಸರು ಬರಲಿಲ್ಲ. ಕಪಾಟಿನ ಬಾಗಿಲ ಸಂದಿಯಿಂದ ಅದು ಕೋಣೆಯೆಲ್ಲ ಸೋರುತ್ತಿತ್ತು, ಕಿಟಕಿಯಿಂದ ರಸ್ತೆಗೂ ಇಳಿಯುತ್ತಿತ್ತು. ಮೇಲಿನ ಮನೆಯವರು ಒಂದು ದಿನ ಬಂದು, ನೀವೇನಾದರೂ ಹೊಸ ವ್ಯಾಪಾರ ಶುರು ಮಾಡಿದ್ದೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅದನ್ನಾದರೂ ಭಾವ ನುಂಗಿಕೊಂಡರು. ಹಲ್ಲು ವಾಪಸು ಬಂದದ್ದನ್ನು ನುಂಗಿಕೊಳ್ಳಲಾಗಲಿಲ್ಲ.

ಅವರಿಗೆ ಬೆಳಗಿನ ಜಾವದಲ್ಲೇ ಕೂತು ಕೊನೆಯ ಲೇಪ ಕೊಡುವ ಅಭ್ಯಾಸ. ಗುಲಾಬಿ ಬೆಳಕನ್ನು ನೋಡಿ ಬಂದ ಕಣ್ಣಿಗೆ ಬಿಳಿಯೆಲ್ಲ ಸ್ವಲ್ಪ ಹೊತ್ತು ಹಸಿರಾಗಿ ಕಾಣುತ್ತದೆ. ಹಸಿರನ್ನು ಸರಿದೂಗಿಸಲು ಇವರು ಒಂದು ಎಳೆ ಕೆಂಪು ಸೇರಿಸಿದ್ದಾರೆ. ಹಲ್ಲು ಒಬ್ಬ ಮುಖ್ಯೋಪಾಧ್ಯಾಯಿನಿಯ ಬಾಯಿಗೆ ಹೋಗಬೇಕಿತ್ತು. ದಂತವೈದ್ಯರು ಫೋನು ಮಾಡಿ, ಹಲ್ಲು ಅಳತೆಗೆ ಸರಿಯಾಗಿದೆ, ಆದರೆ ಯಾಕೋ ನಾಚಿಕೊಂಡ ಹಾಗಿದೆ ಎಂದರು. ಭಾವನ ಇಷ್ಟು ವರ್ಷದ ಕಸುಬಿನಲ್ಲಿ ಬಣ್ಣ ತಪ್ಪಿ ವಾಪಸು ಬಂದ ಮೊದಲ ಹಲ್ಲು ಅದು. ಅವರು ಅದನ್ನು ಕಿಟಕಿಯಲ್ಲಿ ಇಟ್ಟುಕೊಂಡು ಒಂದು ಹಗಲು ನೋಡಿದರು.

ಮರುದಿನ ದಪ್ಪ ಕಪ್ಪು ಬಟ್ಟೆ ತಂದು ಕಪಾಟಿಗೆ ಪೂರಾ ಹೊದಿಸಿದರು. ಒಂದು ಎಳೆ ಬೆಳಕೂ ಆಚೆ ಬರದಂತೆ ಮೂಲೆಮೂಲೆ ಒತ್ತಿದರು. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಕಡೆಯ ಬಟ್ಟೆ ಒಂದು ಗೇಣು ಸರಿದಿತ್ತು. ಸರಿಪಡಿಸಿದರು. ಮರುದಿನ ಮತ್ತೆ ಒಂದು ಗೇಣು. ಅಕ್ಕನನ್ನು ಕೇಳಿದರು, ಇಲಿಯನ್ನು ಅನುಮಾನಿಸಿದರು, ನಾನು ಅಲ್ಲಿ ಮಲಗದೇ ಇದ್ದರೂ ನನ್ನನ್ನೂ ಕೇಳಿದರು. ಅಪ್ಪನನ್ನು ಕೇಳಲಿಲ್ಲ. ಕಣ್ಣು ಕಾಣದವನಿಗೆ ಬೆಳಕಿನ ಗೊಡವೆ ಏನು ಎಂದು ನಾವು ಯಾರೂ ಆ ದಿಕ್ಕಿಗೆ ಯೋಚಿಸಲೇ ಇಲ್ಲ. ಕೊನೆಗೆ ಭಾವ ಒಣಗಲು ಹಾಕಿದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಸುತ್ತಲೂ ಸಾಲಾಗಿ ಕಚ್ಚಿಸಿದರು. ಬಟ್ಟೆ ಸರಿಯುವುದು ನಿಂತಿತು. ಭಾವ ಗೆದ್ದರು.

ಆ ವಾರ ಚಪ್ಪಲಿ ಗೂಡು ಮತ್ತೆ ಸದ್ದು ಮಾಡಿತು. ಅಪ್ಪ ಊಟಕ್ಕೆ ನೀರು ಬೇಡ ಎಂದ. ಶನಿವಾರ ನನಗೆ ತಾನೇ ಫೋನು ಮಾಡಿಸಿ, ನಾಳೆ ಗಾಡಿ ತಗೊಂಡು ಬಾ, ಕ್ಲಚ್ಚು ಗಿಚ್ಚು ಅಂದರೆ ಬಸ್ಸಿನಲ್ಲಿ ಹೋಗ್ತೀನಿ ಎಂದ.

ನಾನು ಹೋದಾಗ ಟ್ರಂಕು ಓಣಿಯಲ್ಲಿತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಅದರ ಮೇಲೆ ಕೂತಿದ್ದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಅಳುತ್ತ ನಿಂತಿದ್ದಳು, ಮುಚ್ಚಿಡುವ ಪ್ರಯತ್ನವನ್ನೂ ಮಾಡದೆ. ಭಾವ ಮೀನನ್ನೇ ಸಾಕ್ಷಿಗೆ ಕರೆಯುವವರ ಹಾಗೆ ತೊಟ್ಟಿಯ ಪಕ್ಕದಲ್ಲಿದ್ದರು. ಪೇಂಟರ್ ದುಂಡಗೆ, ಹೊಳೆಯುತ್ತ, ಯಾರಿಗೂ ಸಂಬಂಧವಿಲ್ಲದಂತೆ ಬಂಡೆ ಕುಕ್ಕುತ್ತಿತ್ತು.

“ಮಾವ, ಮೀನು ಚೆನ್ನಾಗೇ ಇದೆಯಲ್ಲ” ಎಂದರು ಭಾವ. “ಮತ್ತೆ ಯಾಕೆ ಹೊರಟ್ರಿ?”

“ಮೀನಿಗೇನು, ಅದು ತಿಂದ್ಕೊಂಡು ಚೆನ್ನಾಗಿದೆ.”

“ನಮ್ಮಿಂದ ಏನಾದ್ರೂ ತಪ್ಪಾಯ್ತಾ?”

ಅಪ್ಪ ಮುಖವನ್ನು ಚಪ್ಪಲಿ ಗೂಡಿನ ಕಡೆ ತಿರುಗಿಸಿದ. ಅಂದರೆ ಭಾವನನ್ನು ನೋಡಿದ.

“ಆ ಬಟ್ಟೆ ಸರಿಸ್ತಾ ಇದ್ದಿದ್ದು ನಾನು, ಅಳಿಯಂದ್ರೇ. ಬಟ್ಟೆ ಆದ್ರೆ ಸರಿಸ್ಬಹುದು. ಆ ಕ್ಲಿಪ್ಪುಗಳು ನನ್ನ ಕೈಗೆ ಬಗ್ಗಲಿಲ್ಲ.”

ಭಾವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಯಾಕೆ ಸರಿಸಬೇಕಿತ್ತು ಎಂದು ಕೇಳಿದರು. ಬಚ್ಚಲಿಗೆ ಹೋಗೋಕೆ ಎಂದ ಅಪ್ಪ. ಆ ಬೆಳಕು ಒಂದು ಗೇಣು ಬಿಟ್ಟರೆ ಓಣಿಯ ನೆಲದ ಮೇಲೆ ಬಚ್ಚಲ ಬಾಗಿಲ ತನಕ ಪಟ್ಟಿ ಎಳೆದ ಹಾಗೆ ಬೀಳುತ್ತದೆ, ಬೇರೆ ಬಣ್ಣ ಕಾಣದ ಹೊತ್ತಿನಲ್ಲೂ ಆ ಗುಲಾಬಿ ತನ್ನ ಅಂಚುಗಣ್ಣಿಗೆ ಕಾಣುತ್ತದೆ, ಅದರ ಪಕ್ಕದಲ್ಲೇ ನಡೆದುಹೋಗಿ ಬರುತ್ತಿದ್ದೆ ಎಂದ. ಇಷ್ಟು ದಿನ ಅವನು ಗಾಢ ನಿದ್ದೆ ಮಾಡುತ್ತಿರಲಿಲ್ಲ. ಯಾರನ್ನೂ ಎಬ್ಬಿಸದೆ ಎ‌ದ್ದು ಹೋಗಿ ಬರುತ್ತಿದ್ದ, ಅಷ್ಟೆ.

“ರಾತ್ರಿ ದೀಪ ಹಾಕ್ಸಿದ್ನಲ್ಲಪ್ಪ” ಎಂದಳು ಅಕ್ಕ. “ನೀನೇ ಬಿಚ್ಚಿ ಇಟ್ಟೆ.”

“ಅದು ಮುದುಕನಿಗೆ ಕಾಣಲ್ಲ ಅಂತ ಉರಿಯೋ ದೀಪ” ಎಂದ ಅಪ್ಪ. “ಇದು ಪಾಚಿಗೆ ಅಂತ ಉರಿಯುತ್ತೆ. ಯಾರ ಹಂಗೂ ಇಲ್ಲ.”

ನನ್ನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಇಷ್ಟು ದಿನ ಮೀನಿನ ಹೊಟ್ಟೆಯನ್ನೇ ನೋಡುತ್ತ ಕೂತ ನಮ್ಮ ಮೂರು ಜೊತೆ ಒಳ್ಳೆಯ ಕಣ್ಣುಗಳ ಬಗ್ಗೆ ನನಗೆ ನಾಚಿಕೆಯಾಯಿತು.

ಭಾವ ಒಳಗೆ ಹೋದರು. ಕತ್ತರಿ ಹಿಡಿದುಕೊಂಡು ಬಂದು ಕಪಾಟಿನ ಮುಂದೆ ಕೂತರು. ಬಾಗಿಲ ಕಡೆಯ ಬಟ್ಟೆಯಲ್ಲಿ, ನೆಲದ ಹತ್ತಿರ, ಒಂದು ಗೇಣಿನ ಕಿಂಡಿ ಕತ್ತರಿಸಿದರು. ಅಂಚು ಬಿಟ್ಟುಕೊಳ್ಳದಂತೆ ಹಲ್ಲಿಗೆ ಹಚ್ಚುವ ಅಂಟನ್ನೇ ಹಚ್ಚಿದರು. ಆಮೇಲೆ ಓಣಿಗೆ ಬಂದು ಬಚ್ಚಲ ಬಾಗಿಲಿಂದ ಒಂದು ಕಣ್ಣು ಮುಚ್ಚಿ ನೋಡಿ, ಹೋಗಿ ಇನ್ನೊಂದು ಬೆರಳಿನಷ್ಟು ಅಗಲ ಮಾಡಿದರು. ಬಣ್ಣದ ವಿಷಯದಲ್ಲಿ ಒಂದು ಎಳೆ ಸುಳ್ಳನ್ನೂ ಸಹಿಸದ ಮನುಷ್ಯ ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು.

“ಆ ದೀಪ ತುಂಬಾ ಬಿಸಿಯಾಗುತ್ತೆ. ಗಾಳಿ ಆಡೋಕೆ ಜಾಗ ಬೇಕಿತ್ತು. ನಾನೇ ಯೋಚನೆ ಮಾಡಿರ್ಲಿಲ್ಲ.”

ಅಪ್ಪ ಟ್ರಂಕಿನ ಮೇಲೆಯೇ ಕೂತಿದ್ದ.

“ಗಾಳಿ ಈ ಕಡೆಯಿಂದ್ಲೇ ಬರುತ್ತಾ?” ಎಂದು ಕೇಳಿದ.

“ಈ ಕಡೆಯಿಂದ್ಲೇ, ಮಾವ.”

“ಪಾಚಿಗೆ ಒಳ್ಳೇದಾ?”

“ಪಾಚಿಗೆ ಬಹಳ ಒಳ್ಳೇದು.”

ಅಂದಿನಿಂದ ಭಾವ ಬೆಳಗಿನ ಜಾವದ ಕೆಲಸ ಬಿಟ್ಟಿದ್ದಾರೆ. ದೀಪ ಆರಿ, ಬಿಸಿಲು ಏರಿ, ಕಣ್ಣಿನ ಹಸಿರು ಇಳಿಯುವವರೆಗೆ ಮೇಜಿಗೆ ಕೂರುವುದಿಲ್ಲ. ಕೆಲಸ ನಿಧಾನವಾಗಿದೆ, ದಂತವೈದ್ಯರು ಗೊಣಗುತ್ತಾರೆ. ಕೇಳಿದವರಿಗೆ ಪಾಚಿಯ ಕಥೆ ಹೇಳುತ್ತಾರೆ. ನಾಚಿಕೊಂಡ ಹಲ್ಲು ಇನ್ನೂ ಕಿಟಕಿಯಲ್ಲೇ ಇದೆ.

ಆ ಭಾನುವಾರ ನಾನು ಟ್ರಂಕನ್ನು ಎತ್ತಿ ಮತ್ತೆ ಕೋಣೆಗೆ ಒಯ್ದೆ. ಬೇಡ ಎನ್ನುತ್ತಾನೆಂದು ಕಾದೆ, ಅನ್ನಲಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು. ಹೊರಗೆ ಕತ್ತಲಾಗಿತ್ತು, ಓಣಿಯ ನೆಲದ ಮೇಲೆ ಗುಲಾಬಿ ಪಟ್ಟಿ ಬಿದ್ದಿತ್ತು, ಸ್ಕೇಲು ಮುಟ್ಟದೆ ಎಳೆದ ಹಾಗೆ. ಅಕ್ಕ ಅಪ್ಪನ ಲೋಟಕ್ಕೆ ಸ್ವಲ್ಪವೇ ನೀರು ಹಾಕಿದಳು, ಅಭ್ಯಾಸದಿಂದ. ಅಪ್ಪ ಒಂದೇ ಗುಟುಕಿಗೆ ಮುಗಿಸಿ, ಮುಖ ಆ ಕಡೆ ತಿರುಗಿಸಿ, ಖಾಲಿ ಲೋಟವನ್ನು ಅವಳ ಕಡೆ ಚಾಚಿದ.

“ತುಂಬ್ಸು” ಎಂದ.